ಇನ್ನೂರ ನಲವತ್ತು ಕೊಕ್ಕೆ, ಹತ್ತೊಂಬತ್ತು ಚುಕ್ಕೆ

"ಇಲ್ಲಿ ಕರೆ ತೆಗೆದು ಕೊಡ್ತಾರಂತಲ್ಲ ಅಮ್ಮಣಿ?" ಎಂದು ಆ ಹೆಂಗಸು ಕೇಳಿದಾಗ ನಾನು ಕಂಪ್ಯೂಟರಿನಿಂದ ತಲೆ ಎತ್ತದೆಯೇ, "ಡ್ರೈಕ್ಲೀನಿಂಗ್ ಅಂಗಡಿ ಪಕ್ಕದ ಬೀದಿ ಅಮ್ಮಾ" ಎಂದುಬಿಟ್ಟೆ. ತಮಿಳರ ಊರಾದ ಆರ್.ಎಸ್. ಪುರಂನಲ್ಲಿ ಕೂತು ಕನ್ನಡ ಕೇಳಿದ್ದೇ ಒಂದು ಖುಷಿ. ಆ ಖುಷಿಯಲ್ಲಿ ಬುದ್ಧಿ ಓಡಲಿಲ್ಲ. ನಮ್ಮ ದಾವಣಗೆರೆಯಲ್ಲಿ ಬಟ್ಟೆಯ ಕರೆ ಅಂದರೆ ಕಲೆ, ಎಷ್ಟು ಉಜ್ಜಿದರೂ ಹೋಗದ್ದು.

ಹೆಂಗಸು ಮಗಳ ಮುಖ ನೋಡಿದರು. ಕಾಲೇಜು ಬ್ಯಾಗು ಹಾಕಿಕೊಂಡಿದ್ದ ಮಗಳು ಮೆಲ್ಲಗೆ, "ಅಕ್ಕಾ, ಕರೆ ಅಂದ್ರೆ ಬಾರ್ಡರ್. ಸೀರೆ ಬಾರ್ಡರ್" ಎಂದಳು. ಪಕ್ಕದ ಕುರ್ಚಿಯಲ್ಲಿದ್ದ ನಮ್ಮ ಹಿರಿಯ ಆಪರೇಟರ್ ಗೊಳ್ಳೆಂದು ನಕ್ಕರು. ಅವರು ತಮಿಳರು, ನಾನು ಅಣ್ಣ ಅನ್ನುತ್ತಿದ್ದೆ. ಅವರಿಗೆ ಕರೈ ಅಂದರೆ ಅಂಚು ಎಂಬುದು ಹುಟ್ಟಿದಾಗಿನಿಂದ ಗೊತ್ತು. ಸೀರೆಯ ಅಂಚನ್ನು ಕಂಪ್ಯೂಟರಿನಲ್ಲಿ ಚೌಕ ಚೌಕವಾಗಿ ಬರೆದು, ಅದರಂತೆ ಮಗ್ಗಕ್ಕೆ ರಟ್ಟಿನ ಕಾರ್ಡು ತೂತು ಹೊಡೆದು ಕೊಡುವುದೇ ನಮ್ಮ ಅಂಗಡಿಯ ಕೆಲಸ. ಅಂಥ ಅಂಗಡಿಯಲ್ಲಿ ಕೂತವಳಿಗೆ ಅಂಚಿನ ಹೆಸರು ಗೊತ್ತಿಲ್ಲ! ನಾಚಿಕೆಯಾಯಿತು. ಕುರ್ಚಿ ಎಳೆದು ಕೂರಿಸಿದೆ.

ಅವರು ಅನ್ನೂರಿನ ಕಡೆಯ ನೇಕಾರರು. ನಾಲ್ಕು ತಲೆಮಾರಿನಿಂದ ಅಲ್ಲೇ ಇದ್ದಾರೆ. ಮನೆಯೊಳಗೆ ಕನ್ನಡ, ಹೊಸ್ತಿಲು ದಾಟಿದರೆ ತಮಿಳು. ಇಬ್ಬರು ಹೆಣ್ಣುಮಕ್ಕಳು. ದೊಡ್ಡವಳ ಮದುವೆಗೆ ಒಂದು ಹೊಸ ಅಂಚು ಬರೆಸಿ, ತಮ್ಮ ಮಗ್ಗದಲ್ಲೇ ಸೀರೆ ನೇಯ್ದಿದ್ದರು. "ಇಬ್ರಿಗೂ ಒಂದೇ ಕರೆ ಅಂತ ಆವಾಗ್ಲೇ ಮಾಡಿಸ್ದು. ಚಿಕ್ಕವಳ ಕಲ್ಯಾಣಕ್ಕೂ ಅದೇ ಹಾಕೋಣ ಅಂತ ಕಾರ್ಡು ಕಟ್ಟಿ ಮೇಲೆ ಇಟ್ಟಿದ್ದೆ" ಎಂದರು. ಎರಡು ವರ್ಷದಲ್ಲಿ ದೊಡ್ಡ ಮಗಳು ಜ್ವರ ಬಂದು ಒಂದೇ ವಾರದಲ್ಲಿ ಹೋದಳು. ಮುತ್ತೈದೆಯಾಗಿ ಹೋದವಳು ಎಂದು ಅದೇ ಸೀರೆ ಉಡಿಸಿ ಕಳಿಸಿದರು. ಆಮೇಲೆ ಮೇಲಿಟ್ಟ ಕಾರ್ಡಿನ ಕಟ್ಟು ಬಿಚ್ಚಿದರೆ ಗೆದ್ದಲು. ಗ್ರಾಫ್ ಬರೆದ ಮೇಸ್ತ್ರಿ ಊರು ಬಿಟ್ಟು ಎಲ್ಲಿಗೆ ಹೋದರೋ ಯಾರಿಗೂ ತಿಳಿಯದು.

"ತೈ ತಿಂಗಳಲ್ಲಿ ಇವಳ ಕಲ್ಯಾಣ. ಅಕ್ಕನ ಕರೆ ಉಟ್ಕೊಂಡೇ ಕೂರಬೇಕು ಅಮ್ಮಣಿ. ಇಲ್ಲಾಂದ್ರೆ ನಂಗೆ ಆ ಮಂಟಪ ನೋಡಕ್ಕೆ ಆಗಲ್ಲ."

ತೈ ಅಂದರೆ ಸಂಕ್ರಾಂತಿಗೆ ಹುಟ್ಟುವ ತಿಂಗಳು. ನೇಯಲು ಹದಿನೈದು ದಿನ, ಕಾರ್ಡಿಗೆ ಒಂದು ವಾರ ಕಳೆದರೆ ನನಗೆ ಉಳಿಯುವುದು ಹತ್ತು ದಿನ. ನಾನು ಆಗ ಸೇರಿ ನಾಲ್ಕು ತಿಂಗಳಾಗಿತ್ತು. ಸೀರೆಯನ್ನು ಸ್ಕ್ಯಾನರಿನ ಮೇಲೆ ಹಾಸಿ ಅಂಚು ಎತ್ತುವುದು ಕಲಿತಿದ್ದೆ. ಸೀರೆಯೇ ಇಲ್ಲದ ಅಂಚು ಎತ್ತುವುದನ್ನು ಯಾರೂ ಹೇಳಿಕೊಟ್ಟಿರಲಿಲ್ಲ.

ತಾಯಿ ಮದುವೆಯ ಆಲ್ಬಮ್ಮಿನಿಂದ ಎರಡು ಫೋಟೋ ತಂದಿದ್ದರು. ಸ್ಟುಡಿಯೋದವನು ಫ್ಲಾಷ್ ಹೊಡೆದ ರಭಸಕ್ಕೆ ಜರಿ ಪೂರ್ತಿ ಬೆಳ್ಳಗಾಗಿ, ಅಂಚು ಸುಣ್ಣದ ಪಟ್ಟಿಯಂತೆ ಕಾಣುತ್ತಿತ್ತು. ಮಗಳು ಒಂದು ಪೆನ್‌ಡ್ರೈವ್ ಕೊಟ್ಟಳು. ಆ ಕಾಲಕ್ಕೆ ಎಲ್ಲರೂ ಮುಗಿಬಿದ್ದು ಸೇರುತ್ತಿದ್ದ ಸ್ನೇಹಿತರ ತಾಣದಲ್ಲಿ ಅಕ್ಕ ಹಾಕಿದ್ದ ಗುಂಪಿನ ಫೋಟೋ ಅದು. ಫ್ಲಾಷ್ ಇಲ್ಲದೆ ಬಿಸಿಲಿನಲ್ಲಿ ತೆಗೆದದ್ದು.

"ಇದರಲ್ಲಿ ಚೆನ್ನಾಗಿ ಕಾಣ್ತದೆ ಅಕ್ಕಾ. ಸ್ಕ್ರೀನಲ್ಲಿ ಗಿಳಿ ಎಲ್ಲಾ ಕಾಣ್ತದೆ" ಎಂದಳು.

ತೆರೆದೆ. ಅಂಚೆ ಚೀಟಿಯಷ್ಟು ದೊಡ್ಡ ಫೋಟೋ. ಹಿಗ್ಗಿಸಿದೆ. ಇಟ್ಟಿಗೆ ಇಟ್ಟಿಗೆಯಾಗಿ ಒಡೆಯಿತು. ಅಂಚಿನ ಅಡ್ಡಗಲದಲ್ಲಿ ಎಷ್ಟು ಬಣ್ಣದ ಚುಕ್ಕೆಗಳಿವೆ ಎಂದು ಎಣಿಸಿದರೆ ನಾಲ್ಕು. ಅವರ ಮಗ್ಗದಲ್ಲಿ ಅಂಚಿಗೆ ಇನ್ನೂರ ನಲವತ್ತು ಕೊಕ್ಕೆ. ಒಂದೊಂದು ಕೊಕ್ಕೆ ಅಂಚಿನ ಒಂದೊಂದು ಎಳೆ ಎತ್ತುತ್ತದೆ, ಹಾಗಾಗಿ ನನ್ನ ಗ್ರಾಫಿನಲ್ಲಿ ಅಡ್ಡಕ್ಕೆ ಇನ್ನೂರ ನಲವತ್ತು ಚೌಕ ತುಂಬಬೇಕು. ನನ್ನ ಕೈಯಲ್ಲಿದ್ದದ್ದು ನಾಲ್ಕು.

"ನೀನು ಫೋಟೋ ತೆರೆಯದೆ ಹೊರಗಿನ ಸಣ್ಣದನ್ನೇ ಉಳಿಸಿಕೊಂಡಿದ್ದೀಯ. ಇಲ್ಲೇ ತೆಗೆ, ದೊಡ್ಡದು ಉಳಿಸೋಣ" ಎಂದೆ.

ಅವಳು ಕೀಬೋರ್ಡಿನ ಹತ್ತಿರ ಬರಲಿಲ್ಲ. ನೋಟ್‌ಬುಕ್ಕಿನ ಹಾಳೆ ಹರಿದು ಅಕ್ಕನ ಈಮೇಲು, ಪಾಸ್‌ವರ್ಡು ಬರೆದುಕೊಟ್ಟಳು. "ಅವಳೇ ಹೇಳಿದ್ದು. ಅವಳು ಹೋದ್ಮೇಲೆ ನಾನು ಆ ಪೇಜ್ ತೆಗ್ದಿಲ್ಲ. ನೀವೇ ನೋಡ್ಕೊಳ್ಳಿ" ಎಂದು ಅಮ್ಮನನ್ನು ಕರೆದುಕೊಂಡು ಹೊರಟಳು. ಪೀಳಮೇಡಿನ ಕಾಲೇಜಿನಲ್ಲಿ ಅವಳಿಗೆ ಪರೀಕ್ಷೆ ನಡೆಯುತ್ತಿತ್ತು.

ಮೊದಲ ದಿನ ಫೋಟೋ ತೆರೆದು ಪ್ರಿಂಟ್ ಸ್ಕ್ರೀನ್ ಗುಂಡಿ ಒತ್ತಿ, ಪೇಂಟಿನಲ್ಲಿ ಅಂಟಿಸಿ, ಕತ್ತರಿಸಿದೆ. ಅಣ್ಣ ನೋಡಿ, "ಇದು ಫೋಟೋ ಅಲ್ಲ ಮಾ, ಫೋಟೋದ ಫೋಟೋ" ಎಂದು ತಮಿಳಿನಲ್ಲಿ ಕಿಚಾಯಿಸಿದರು. ಎಣಿಸಿದೆ, ಹನ್ನೊಂದು ಚುಕ್ಕೆ. ಆಮೇಲೆ ಮೌಸಿನ ಬಲಗುಂಡಿ ಒತ್ತಿ ಉಳಿಸಿದೆ. ಅದೂ ಹನ್ನೊಂದೇ. ಅಣ್ಣ ಚಿತ್ರದ ವಿಳಾಸವನ್ನು ಬೇರೆ ಕಿಟಕಿಯಲ್ಲಿ ತೆರೆದು ತೋರಿಸಿದರು. ಉದ್ದನೆಯ ವಿಳಾಸದ ನಡುವೆ ‘ಮೀಡಿಯಂ’ ಎಂಬ ಪದವಿತ್ತು. ಅದನ್ನು ಅಳಿಸಿ ‘ಲಾರ್ಜ್’ ಎಂದು ಹೊಡೆದು ಎಂಟರ್ ಒತ್ತಿದರು. ಅದೇ ಫೋಟೋ ದೊಡ್ಡದಾಗಿ ಬಂತು! ನಾನು ಕುರ್ಚಿಯಿಂದ ಎದ್ದೇಬಿಟ್ಟೆ. ಎಣಿಸಿದೆ, ಹತ್ತೊಂಬತ್ತು.

ಇದಕ್ಕಿಂತ ದೊಡ್ಡದು ಇರಲೇಬೇಕೆಂದು ಎರಡು ದಿನ ಹಟ ಹಿಡಿದೆ. ವಿಳಾಸದಲ್ಲಿ ‘ಒರಿಜಿನಲ್’ ಎಂದು ಹಾಕಿದೆ, ‘ಫುಲ್’ ಎಂದು ಹಾಕಿದೆ. ಖಾಲಿ ಪುಟ ಬಂತು. ಬ್ರೌಸರು ತಾತ್ಕಾಲಿಕ ಕಡತಗಳನ್ನು ಬಚ್ಚಿಡುವ ಫೋಲ್ಡರು ಹುಡುಕಿ ನೂರಾರು ಚೂರುಗಳಲ್ಲಿ ಇದನ್ನು ಆರಿಸಿದೆ. ಅಲ್ಲೂ ಹತ್ತೊಂಬತ್ತೇ. ಕಡೆಗೆ ನನ್ನದೇ ಫೋಟೋ ಒಂದನ್ನು ಆ ತಾಣಕ್ಕೆ ಏರಿಸಿ, ಮತ್ತೆ ಇಳಿಸಿ, ಎರಡರ ಅಳತೆ ಪಕ್ಕಪಕ್ಕ ಇಟ್ಟಾಗ ಗೊತ್ತಾಯಿತು: ಏರಿಸುವಾಗಲೇ ಅವರು ಕುಗ್ಗಿಸುತ್ತಾರೆ. ದೊಡ್ಡದು ಅಲ್ಲಿಗೆ ಹೋಗಿಯೇ ಇಲ್ಲ. ಮೂಲ ಫೋಟೋ ಎಲ್ಲಿ ಎಂದು ಹುಡುಗಿಗೆ ಫೋನ್ ಮಾಡಿದೆ. ಬಾವನ ಕ್ಯಾಮೆರಾ ಕಳೆದುಹೋಗಿದೆ, ಕಂಪ್ಯೂಟರು ಕೆಟ್ಟು ಎಲ್ಲ ಅಳಿಸಿ ಹೊಸದಾಗಿ ಹಾಕಿಸಿದರು ಎಂದಳು. ನನಗೆ ಯಾರ ಮೇಲೆ ಸಿಟ್ಟು ಮಾಡಬೇಕೋ ತಿಳಿಯಲಿಲ್ಲ.

ಅಕ್ಕನ ಪುಟದಲ್ಲಿ ಇನ್ನೂ ಮೂರು ಆಲ್ಬಮ್ಮುಗಳಿದ್ದವು. ಊಟಿ ಪ್ರವಾಸ, ಹೊಸ ಮನೆ, ಮತ್ತೊಂದು ಇಂಗ್ಲಿಷ್ ಅಕ್ಷರದಲ್ಲಿ ‘ಚಿನ್ನ’. ಊಟಿಯಲ್ಲಿ ಸ್ವೆಟರು, ಹೊಸ ಮನೆಯಲ್ಲಿ ನೈಟಿ. ಚಿನ್ನದ ಮೇಲೆ ಮೌಸಿನ ಬಾಣ ಇಟ್ಟೆ. ಹೊರಗಿನ ಪುಟ್ಟ ಚಿತ್ರದಲ್ಲಿ ಬಳೆ ತೊಟ್ಟ ಒಂದು ಕೈ.

"ಇದು ಒಡವೆ ಆಲ್ಬಮ್ಮು. ಮದುವೆಗೆ ಹಾಕಿದ ಬಂಗಾರ ಎಲ್ಲಾ ತೋರಿಸಿಕೊಂಡಿದ್ದಾಳೆ" ಎಂದೆ.

ಅಣ್ಣ ಕನ್ನಡಕ ಸರಿಮಾಡಿಕೊಂಡು, "ಚಿನ್ನ ಪಡಂ ಮಾ, ಬಿಡು" ಎಂದರು. ತಮಿಳಿನಲ್ಲಿ ಚಿನ್ನ ಅಂದರೆ ಸಣ್ಣದು, ಪಡಂ ಅಂದರೆ ಚಿತ್ರ. ಸಣ್ಣ ಸೈಜಿನ ಫೋಟೋಗಳನ್ನೆಲ್ಲ ಒಂದು ಕಡೆ ಹಾಕಿದ್ದಾಳೆ, ಸಣ್ಣದರ ಕಾಟ ಸಾಲದೇ ಎಂಬುದು ಅವರ ವಾದ. ಬಂಗಾರವೋ ಸಣ್ಣದೋ ಎಂದು ಇಬ್ಬರೂ ಒಂದು ಗಳಿಗೆ ವಾದಿಸಿದೆವು. ಯಾವುದಾದರೂ ನಮಗೆ ಬೇಡ ಎಂಬುದರಲ್ಲಿ ಮಾತ್ರ ಒಮ್ಮತವಿತ್ತು. ಆ ಆಲ್ಬಮ್ಮು ತೆರೆಯಲೇ ಇಲ್ಲ.

ಆರನೆಯ ದಿನ ಹತ್ತೊಂಬತ್ತು ಚುಕ್ಕೆಯನ್ನೇ ಇನ್ನೂರ ನಲವತ್ತಕ್ಕೆ ಹಿಗ್ಗಿಸಿದೆ. ಸಾಫ್ಟ್‌ವೇರಿನಲ್ಲಿ ನಯ ಮಾಡುವ ಒಂದು ಆಯ್ಕೆ ಇತ್ತು. ಒತ್ತಿದರೆ ಚುಕ್ಕೆಗಳ ಮೂಲೆ ಕರಗಿ, ಮಂಜಿನೊಳಗೆ ಏನೋ ಇದ್ದಂತೆ ಕಾಣುತ್ತಿತ್ತು. ಎದುರುಬದುರು ಎರಡು ಗಿಳಿ ಎಂದು ಹುಡುಗಿ ಹೇಳಿದ್ದಳು, ಬರೆದೆ. ನಡುವೆ ಉದ್ದಕ್ಕೆ ಒಂದು ಹಳದಿ ಮಸುಕು. ದೀಪ ಅಂದುಕೊಂಡೆ. ನನ್ನ ಕೈಗೆ ದೀಪ ಸಲೀಸು. ಕುಡಿ ಇಟ್ಟೆ, ಎಣ್ಣೆಯ ಬಟ್ಟಲು ಇಟ್ಟೆ, ಕೆಳಗೆ ಮೆಟ್ಟಿಲು ಮೆಟ್ಟಿಲಾಗಿ ಕಾಲು. ಎಷ್ಟು ಚೆಂದ ಬಂತೆಂದರೆ ಇದೇ ಇತ್ತು ಎಂದು ನಾನೇ ನಂಬಿದೆ.

ತಾಯಿ ಬಂದು ಪ್ರಿಂಟನ್ನು ಮೇಜಿನ ಮೇಲೆ ಹಾಸಿ, ಬೆರಳಿನಿಂದ ಒಂದು ತುದಿಯಿಂದ ಇನ್ನೊಂದಕ್ಕೆ ಸವರಿದರು. ನಡುವೆ ಬೆರಳು ನಿಂತಿತು.

"ಇದು ಯಾರ ಮನೆ ದೀಪ ಅಮ್ಮಣಿ?"

"ಅಲ್ವಾ? ಹಾಗಾದ್ರೆ ನಡುವೆ ಏನಿತ್ತಮ್ಮಾ?"

"ಹೇಳಕ್ಕೆ ಗೊತ್ತಾಗ್ತಿಲ್ಲ. ನೇಯೋವಾಗ ನಮಗೆ ಕಾಣೋದು ಹಿಂಬದಿ. ಕಾರ್ಡು ಎತ್ತತದೆ, ನಾವು ಹೊಡೀತೀವಿ. ಕೈಗೆ ಗೊತ್ತು." ಅವರು ಕಾಗದ ಮಡಚಿ ನನ್ನ ಕಡೆ ಸರಿಸಿದರು. "ಚೆನ್ನಾಗಿದೆ. ಆದ್ರೆ ನಮ್ದಲ್ಲ."

ಅವರು ಹೋದ ಮೇಲೆ ಅಣ್ಣ ಸಮಾಧಾನ ಹೇಳಿದರು. ದೀಪ ತೆಗೆದು ಹೂವು ಹಾಕು, ಹೂವು ಬೇಡವೆಂದರೆ ಕಳಶ ಹಾಕು, ಯಾವುದೋ ಒಂದಕ್ಕೆ ತಲೆ ಆಡಿಸುತ್ತಾರೆ, ದಿನ ಬೇರೆ ಇಲ್ಲ ಎಂದರು. ಅವರು ಕೆಟ್ಟವರಲ್ಲ, ಹದಿನೆಂಟು ವರ್ಷ ಇದೇ ಕೆಲಸ ಮಾಡಿದವರು. ಅವರು ಹೇಳಿದಂತೆ ನಡೆಯಬಹುದು ಎಂಬುದೇ ನನ್ನನ್ನು ಹೆದರಿಸಿತು. ಮೂರನೆಯ ಸಲ ಆ ತಾಯಿ ಸುಸ್ತಾಗಿ ಆಗಲಿ ಅನ್ನುತ್ತಾರೆ, ಮಗಳು ನನ್ನ ಕಲ್ಪನೆಯ ಕಳಶ ಉಟ್ಟು ಮಂಟಪದಲ್ಲಿ ಕೂರುತ್ತಾಳೆ, ಅಕ್ಕನದ್ದೇ ಎಂದು ಎಲ್ಲರೂ ಅಳುತ್ತಾರೆ. ಛೇ! ನನ್ನಿಂದ ಆಗದು ಎಂದು ಅವರ ಎದುರೇ ಹೇಳಿಬಿಡುವುದು ವಾಸಿ ಅನ್ನಿಸಿತು. ದೀಪದ ಗ್ರಾಫು ಅಳಿಸಿದೆ. ಮಾರನೆಯ ಬೆಳಗ್ಗೆ ಅರ್ಧ ದಿನ ರಜೆ ಹಾಕಿ ಅನ್ನೂರಿನ ಟೌನ್ ಬಸ್ಸು ಹತ್ತಿದೆ.

ಮನೆ ಸಿಕ್ಕಿತು. ಮಗ್ಗ ಕೆಲಸವಿಲ್ಲದೆ ಕೂತಿತ್ತು, ಹಾಸು ನೂಲು ಏರಿಸಿ ಕಾರ್ಡಿಗಾಗಿ ಕಾಯುತ್ತಿತ್ತು. "ಅಮ್ಮಾ, ಆ ದೀಪ ನಾನೇ ಕಟ್ಟಿದ್ದು. ಫೋಟೋದಲ್ಲಿ ಇರಲಿಲ್ಲ. ಅದರಿಂದ ಇನ್ನು ಏನೂ ಬರಲ್ಲ" ಎಂದೆ.

ಅವರು ಬೈಯಲಿಲ್ಲ, ಅಳಲಿಲ್ಲ. "ಬಿಸಿಲಲ್ಲಿ ಬಂದಿದ್ದೀಯ, ಕೊಂಜ ಮೋರು ಕುಡಿ" ಎಂದು ಅಡುಗೆಮನೆಯ ಕಡೆ ತಿರುಗಿ ಕೂಗಿದರು, "ಚಿನ್ನಾ! ಅಕ್ಕನಿಗೆ ಮೋರು ತಾ."

ಹುಡುಗಿ ಮಜ್ಜಿಗೆಯ ಲೋಟ ಹಿಡಿದು ಬಂದಳು.

ನಾನು ಲೋಟ ಹಿಡಿದವಳು ಹಾಗೇ ನಿಂತೆ. "ಏನಂತ ಕರೆದ್ರಿ?"

"ಇವಳನ್ನಾ? ಚಿನ್ನ ಅಂತ. ದೊಡ್ಡವಳು ಚಿಕ್ಕಂದಿನಿಂದ ಹಂಗೇ ಕರೆದು ಕರೆದು ಮನೇಲೆಲ್ಲಾ ಅದೇ ಆಗೋಯ್ತು."

ಬಂಗಾರವೂ ಅಲ್ಲ, ಸಣ್ಣದೂ ಅಲ್ಲ. ಹೆಸರು! ಏಳು ದಿನ ಆ ಹೆಸರಿನ ಮುಂದೆ ಕೂತು, ಇಬ್ಬರು ಜಾಣರು ಎರಡು ಭಾಷೆಯಲ್ಲಿ ಅರ್ಥ ಹೇಳಿಕೊಂಡು ಮುಂದೆ ಹೋಗಿದ್ದೆವು. "ಇಲ್ಲಿ ಬ್ರೌಸಿಂಗ್ ಸೆಂಟರ್ ಎಲ್ಲಿದೆ?" ಎಂದೆ. ಮೋರು ಅಲ್ಲೇ ಉಳಿಯಿತು.

ಬಸ್‌ಸ್ಟ್ಯಾಂಡಿನ ಹತ್ತಿರ ಮಾಳಿಗೆಯ ಮೇಲೆ ಒಂದು ಸೆಂಟರಿತ್ತು. ಹುಡುಗಿ ಬಾಗಿಲ ತನಕ ಬಂದು ಹಿಂಜರಿದಳು. "ನಿನ್ನ ಹೆಸರಲ್ಲಿ ಒಂದು ಆಲ್ಬಮ್ಮಿದೆ. ನಾನಿನ್ನೂ ತೆರೆದು ನೋಡಿಲ್ಲ" ಎಂದಾಗ ಒಳಗೆ ಬಂದು ನನ್ನ ಪಕ್ಕ ಸ್ಟೂಲಿನಲ್ಲಿ ಕೂತಳು. ಪುಟ ನಿಧಾನಕ್ಕೆ, ಮೇಲಿನಿಂದ ಕೆಳಕ್ಕೆ ತೆರೆದುಕೊಂಡಿತು.

ಏಳು ಫೋಟೋ. ಏಳೂ ಆ ಸೀರೆಯ ಅಂಚೇ. ಕಿಟಕಿಯ ಬೆಳಕಿನಲ್ಲಿ ಮಂಚದ ಮೇಲೆ ಸೀರೆ ಹಾಸಿ, ಗೇಣು ಗೇಣಾಗಿ ಹತ್ತಿರದಿಂದ ತೆಗೆದಿದ್ದಳು. ಪ್ರತಿಯೊಂದರಲ್ಲೂ ಮೂಲೆಯಲ್ಲಿ ಸುಕ್ಕು ಬಿಡಿಸಿ ಹಿಡಿದ ಬಳೆಯ ಕೈ. ನಾನು ಗಡಿಬಿಡಿಯಲ್ಲಿ ಒಂದರ ವಿಳಾಸ ತೆರೆದು ‘ಲಾರ್ಜ್’ ಹೊಡೆದು ಉಳಿಸಿದೆ. ಅಳತೆ ನೋಡಿದರೆ ಗುಂಪಿನ ಫೋಟೋದಷ್ಟೇ, ಒಂದು ಚುಕ್ಕೆಯೂ ಹೆಚ್ಚಿಲ್ಲ. ಆದರೆ ಆ ಫೋಟೋದಲ್ಲಿ ನಲವತ್ತು ಜನ, ಅವರ ನಡುವೆ ಒಂದು ಅಂಚು. ಇಲ್ಲಿ ಅಂಚೊಂದೇ. ಅಡ್ಡಗಲ ಎಣಿಸಿದರೆ ಐನೂರ ಚಿಲ್ಲರೆ, ಒಂದು ಕೊಕ್ಕೆಗೆ ಎರಡೆರಡು ಚುಕ್ಕೆ. ಫೋಟೋ ದೊಡ್ಡದಿರಬೇಕೆಂದು ವಾರವಿಡೀ ತಲೆ ಚಚ್ಚಿಕೊಂಡಿದ್ದೆ. ಬೇಕಾಗಿದ್ದದ್ದು ಹತ್ತಿರ ಹೋಗಿ ತೆಗೆದವರು. ಗಿಳಿಗಳ ನಡುವೆ ಇದ್ದದ್ದು ಅರ್ಧ ಬಿರಿದ ಸಂಪಿಗೆ, ಒಂದು ಎಸಳು ಪಕ್ಕಕ್ಕೆ ವಾಲಿತ್ತು.

ಕೆಳಗೆ ಇಂಗ್ಲಿಷ್ ಅಕ್ಷರದಲ್ಲಿ ಮನೆಯ ಕನ್ನಡ. ಕನ್ನಡ ಲಿಪಿ ಅವರಿಬ್ಬರಿಗೂ ಬಾರದು. ‘ಇದು ತಲೆ ಪಕ್ಕ’, ‘ಇದು ಸೆರಗು ಶುರುವಾಗೋ ಕಡೆ’ ಎಂದೆಲ್ಲ ಬರೆದಿದ್ದಳು. ಏಳನೆಯದರ ಕೆಳಗೆ ಹೀಗಿತ್ತು: ‘ಚಿನ್ನ, ನಿಂಗೆ ಈ ಕರೆ ಬೇಡ ಅಂದ್ರೆ ಅಮ್ಮನಿಗೆ ನಾನು ಹೇಳ್ತೀನಿ. ಸರಿಯಾಗಿ ನೋಡಿ ಆಮೇಲೆ ಹೇಳು. ಬೇಕಾ ಬೇಡ್ವಾ?’

ಹುಡುಗಿ ಪರದೆಯ ಮೇಲಿನ ಆ ಸಾಲಿಗೆ ಬೆರಳಿಟ್ಟಳು. "ಫೋನಲ್ಲಿ ಜಗಳ ಆಡಿದ್ದೆ ಅಕ್ಕಾ. ನಿನ್ ಹಳೇ ಕರೆ ನಂಗ್ಯಾಕೆ, ನಂಗೆ ನಂದೇ ಬೇಕು ಅಂತ. ಹಾಸ್ಟೆಲಲ್ಲಿ ನೆಟ್ ಇರ್ಲಿಲ್ಲ. ಊರಿಗೆ ಬಂದಾಗ ನೋಡ್ತೀನಿ ಅಂದೆ. ಬರೋ ಹೊತ್ತಿಗೆ ಅವಳು ಆಸ್ಪತ್ರೇಲಿದ್ಲು." ಬೆರಳು ತೆಗೆದು, "ಅವಳಿಗೆ ನಾನು ಜವಾಬೇ ಕೊಟ್ಟಿಲ್ಲ" ಎಂದಳು.

ನಾನು ಫೋಟೋ ಉಳಿಸುವ ಕೆಲಸ ಹಿಡಿದೆ, ಕೈಗೆ ಅದೊಂದೇ ಗೊತ್ತಿತ್ತು. ಆರು ಉಳಿಸಿ ಏಳನೆಯದಕ್ಕೆ ಬರುವಾಗ ಅವಳು, "ಅಕ್ಕಾ, ಐದು ನಿಮಿಷ ಹೊರಗಿರ್ತೀರಾ?" ಎಂದಳು. ಬಲಗುಂಡಿ ಒತ್ತಿ ಅದನ್ನೂ ಉಳಿಸಿ, ಪೆನ್‌ಡ್ರೈವ್ ಕಿತ್ತುಕೊಂಡು ಮೆಟ್ಟಿಲಿಗೆ ಬಂದೆ. ಒಳಗೆ ಅವಳು ಅಕ್ಕನ ಖಾತೆ ಮುಚ್ಚಿ ಬೇರೇನೋ ತೆರೆಯುತ್ತಿದ್ದದ್ದು ಗಾಜಿನಿಂದ ಕಂಡಿತು. ಅಳಲು ಜಾಗ ಬೇಕಿತ್ತೇನೋ ಅಂದುಕೊಂಡೆ.

ಮೂರು ದಿನ ಒಂದೊಂದೇ ಚೌಕ ತುಂಬಿದೆ. ಅಣ್ಣ ತಮ್ಮ ಕೆಲಸ ಬದಿಗಿಟ್ಟು ಸಾಲು ಓದಿ ಹೇಳಿದರು, ತೆರೆಯದೆ ಬಿಟ್ಟ ಪಾಪದಲ್ಲಿ ಅವರಿಗೂ ಅರ್ಧ ಪಾಲು ಎಂದು ಒಪ್ಪಿಕೊಂಡಿದ್ದರು. ತಾಯಿ ಬಂದು ಪ್ರಿಂಟಿನ ಮೇಲೆ ಬೆರಳು ಸವರಿದರು. ಸಂಪಿಗೆಯ ವಾಲಿದ ಎಸಳಿನ ಹತ್ತಿರ ಬೆರಳು ನಿಂತಿತು.

"ಆಮಾ, ಹೌದು. ಇದು ನಮ್ಮ ಕರೆ" ಎಂದರು. ಸೆರಗಿನಿಂದ ಕಣ್ಣೊರೆಸಿಕೊಂಡರು, ನಾನೂ ಒರೆಸಿಕೊಂಡೆ.

ಕಾರ್ಡು ಮಗ್ಗಕ್ಕೆ ಏರಿತು. ನಾಲ್ಕನೆಯ ದಿನ ಫೋನು: ಗಿಳಿಯ ಕಣ್ಣಿನ ಹತ್ತಿರ ಒಂದು ಎಳೆ ಏಳುತ್ತಿಲ್ಲ, ನೋಡು ಅಮ್ಮಣಿ ಎಂದು. ಆ ಗಿಳಿ ಪೂರ್ತಿ ಇದ್ದದ್ದು ಏಳನೆಯ ಫೋಟೋದಲ್ಲಿ ಮಾತ್ರ. ಪೆನ್‌ಡ್ರೈವ್ ಹಾಕಿ ನೋಡಿದರೆ, ಅಯ್ಯೋ ದೇವರೇ, ಅಂಚೆ ಚೀಟಿ! ಹುಡುಗಿಗೆ ಉಪದೇಶ ಮಾಡಿದವಳು ನಾನು, ಅವಸರದಲ್ಲಿ ನಾನೇ ಹೊರಗಿನ ಸಣ್ಣದನ್ನು ಉಳಿಸಿಕೊಂಡು ಬಂದಿದ್ದೆ. ಏಳನೆಯದನ್ನು ತೆರೆಯದೆಯೇ ಆ ಕಣ್ಣನ್ನು ಪಕ್ಕದ ಗಿಳಿ ನೋಡಿ ಅಂದಾಜಿನಲ್ಲಿ ತುಂಬಿದ್ದೆ ಎಂಬುದು ಆಗ ನೆನಪಾಯಿತು.

ಹಾಳೆಯ ಚೂರಿನಲ್ಲಿದ್ದ ಪಾಸ್‌ವರ್ಡು ಹಾಕಿ ಅಕ್ಕನ ಪುಟ ಮತ್ತೆ ತೆರೆದೆ. ಏಳನೆಯ ಫೋಟೋ ಮೇಲಿನಿಂದ ಕೆಳಕ್ಕೆ ಬಂತು, ಗಿಳಿಯ ಕಣ್ಣು ಸ್ಪಷ್ಟವಾಗಿ ಕಂಡಿತು. ಅದರ ಕೆಳಗೆ ಅಕ್ಕನ ಪ್ರಶ್ನೆ. ಪ್ರಶ್ನೆಯ ಕೆಳಗೆ, ನಾನು ಮೆಟ್ಟಿಲಲ್ಲಿ ನಿಂತಿದ್ದ ದಿನದ ತಾರೀಖು ಹೊತ್ತು, ತಂಗಿಯ ಖಾತೆಯಿಂದ ಬಂದ ಎರಡು ಪದ.

‘ಬೇಕು ಅಕ್ಕ.’

ಫೋಟೋವನ್ನು ದೊಡ್ಡ ಅಳತೆಯಲ್ಲಿ ಉಳಿಸಿ, ತಪ್ಪಿದ ಚೌಕ ತಿದ್ದಿ, ಹೊಸ ಕಾರ್ಡು ಹೊಡೆಸಿದೆ. ಫೋಟೋ ಎಷ್ಟು ಚೆನ್ನಾಗಿ ಉಳಿಸಿದರೂ ಕೆಳಗಿನ ಬರಹ ಜೊತೆಗೆ ಬರುವುದಿಲ್ಲ. ಅದಕ್ಕೆ ಪ್ರಿಂಟ್ ಸ್ಕ್ರೀನ್ ಒತ್ತಿದೆ. ಅಣ್ಣ ಈ ಸಲ ನಗಲಿಲ್ಲ. ಪ್ರಿಂಟು ತೆಗೆದು, ನಾಲ್ಕು ಮಡಿಕೆ ಮಡಚಿ, ಮೇಲೆ ‘ಚಿನ್ನಗೆ’ ಎಂದು ಇಂಗ್ಲಿಷ್ ಅಕ್ಷರದಲ್ಲಿ ಬರೆದು, ಅನ್ನೂರಿಗೆ ಹೋಗುವ ಕಾರ್ಡಿನ ಕಟ್ಟಿನೊಳಗೆ ಇಟ್ಟು ದಾರ ಬಿಗಿದೆ.